ಕತ್ತರಿ ಇಡುವ ಮುನ್ನ



ಸೀರೆಯೊಡನೆ ನೇಯ್ದು ಬರುವ ರವಿಕೆಯ ಬಟ್ಟೆ ಎಷ್ಟಿರುತ್ತದೆಂಬುದು ನಮ್ಮ ತಾಯಂದಿರಿಗೆಲ್ಲ ತಿಳಿದ ಸಂಗತಿ. ಸಾಮಾನ್ಯವಾಗಿ 80 ಸೆಂಟಿಮೀಟರು. ನೇಯಿಸಿದವರು ಉದಾರಿಗಳಾಗಿದ್ದರೆ 1 ಮೀಟರು. ಬೆನ್ನಿನ ಭಾಗ, ಎದೆಯ ಎರಡು ಭಾಗಗಳು, ಎರಡು ತೋಳುಗಳು, ಸೊಂಟದ ಪಟ್ಟಿ, ಕೊರಳಿನ ಪಟ್ಟಿ, ಇವೆಲ್ಲವೂ ಅಷ್ಟರೊಳಗೇ ಹೊರಡಬೇಕು. ಸೀರೆಯ ಅಂಚು ತೋಳಿನ ತುದಿಗೆ ಬರಬೇಕು, ಜರಿಯ ಬುಟ್ಟಾಗಳು ಎರಡೂ ತೋಳುಗಳಲ್ಲಿ ಒಂದೇ ಸಮನೆ ಕೂರಬೇಕು. ಕತ್ತರಿಯು ಅರ್ಧ ಅಂಗುಲ ಒಳಸರಿಯಿತೆಂದರೆ ಅದೇ ಬಣ್ಣದ, ಅದೇ ನೇಯ್ಗೆಯ ಇನ್ನೊಂದು ತುಂಡನ್ನು ಯಾವ ಅಂಗಡಿಯಿಂದಲೂ ತರಲಾಗದು. ಮಗಳ ಮದುವೆಯ ಸೀರೆಯದಾದರೆ ಆ ಮನೆಯಲ್ಲಿ ಅಂದು ಊಟ ರುಚಿಸುವುದಿಲ್ಲ.

ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿಸಿದ್ದಕ್ಕೆ ಪರಿಹಾರವಿಲ್ಲ. ಮನೆಯಲ್ಲಿ ಹೊಲಿದ ರವಿಕೆಗಳು ಬಹುಮಟ್ಟಿಗೆ ಕೆಡುವುದು ಯಂತ್ರದ ಮೇಲಲ್ಲ, ಅದಕ್ಕೂ ಮೊದಲೇ, ಕಾಗದದ ನಮೂನೆಯು ಬಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಜಾರಿದಾಗ ಎಂಬುದು ನಮ್ಮ ಅನುಭವದ ಮಾತು. ಹಾಗಿದ್ದರೂ ಹೊಲಿಗೆ ಯಂತ್ರಕ್ಕೆ ದೊರೆಯುವ ಗೌರವದಲ್ಲಿ ಹತ್ತರಲ್ಲೊಂದು ಪಾಲೂ ಆ ನಮೂನೆಯನ್ನು ಅಲುಗದಂತೆ ಹಿಡಿದು ನಿಲ್ಲಿಸುವ ಗುಂಡುಸೂಜಿಗೆ ದೊರೆಯುವುದಿಲ್ಲ. ಬೆಂಗಳೂರಿನ ಕಡೆ ಗುಂಡುಪಿನ್ನು ಎಂದೂ ಬೆಳಗಾವಿ, ಧಾರವಾಡಗಳ ಕಡೆ ಟಾಚಣಿ ಎಂದೂ ಕರೆಸಿಕೊಳ್ಳುವ ಈ ಬಡ ಉಪಕರಣದ ವಿಚಾರವನ್ನು, ಅದರ ಒಡನಾಡಿಗಳಾದ ಭಾರ, ಕ್ಲಿಪ್ಪುಗಳೊಂದಿಗೆ, ಈ ತಿಂಗಳು ಎತ್ತಿಕೊಂಡಿದ್ದೇವೆ.

“ದರ್ಜಿಗಳು ಯಾರೂ ಗುಂಡುಸೂಜಿ ಚುಚ್ಚುವುದಿಲ್ಲವಲ್ಲ, ನಮಗೇಕೆ?” ಎಂದು ಕೇಳುವ ಸೋದರಿಯರು ಬಹಳ ಮಂದಿ. ಪ್ರಶ್ನೆ ನ್ಯಾಯವಾದದ್ದೇ. ಶಿವಾಜಿನಗರದಲ್ಲಾಗಲಿ, ಕಮರ್ಷಿಯಲ್ ಸ್ಟ್ರೀಟಿನ ಹಿಂಬದಿಯ ಓಣಿಗಳಲ್ಲಾಗಲಿ, ಹಲಸೂರಿನ ಪೇಟೆಯಲ್ಲಾಗಲಿ ರವಿಕೆ ಹೊಲಿಯುವ ಅಂಗಡಿಯೊಂದರ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ಉತ್ತರವೂ ಅಲ್ಲಿಯೇ ದೊರೆಯುತ್ತದೆ. ಕತ್ತರಿಸುವವರನ್ನು ಅಲ್ಲಿ ಮಾಸ್ಟರ್ ಎನ್ನುತ್ತಾರೆ, ಹೊಲಿಯುವವರು ಬೇರೆ. ಗಿರಾಕಿಯು ತಂದುಕೊಟ್ಟ ಹಳೆಯ ಅಳತೆ ರವಿಕೆಯೇ ಮಾಸ್ಟರಿಗೆ ನಮೂನೆ. ಅವರು ಮೊದಲು ಅಸ್ತರಿನ ಬಟ್ಟೆಯನ್ನು ಮಡಿಸಿ, ಅಳತೆ ರವಿಕೆಯನ್ನು ಅದರ ಮೇಲಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುತ್ತಾರೆ. ಅನಂತರ ಆ ಅಸ್ತರಿನ ತುಂಡುಗಳನ್ನೇ ರೇಷ್ಮೆಯ ಮೇಲೆ ಹರಡಿ, ಎಡ ಅಂಗೈಯನ್ನು ಅಗಲಿಸಿ ಒತ್ತಿ ಹಿಡಿದು, ದೂರದ ಮೂಲೆಗೆ ಇಸ್ತ್ರಿಪೆಟ್ಟಿಗೆಯನ್ನೋ ಕಬ್ಬಿಣದ ಮೊಳಕೋಲನ್ನೋ ಇಟ್ಟು ಕತ್ತರಿ ಓಡಿಸುತ್ತಾರೆ. ಗುಂಡುಸೂಜಿ ಎಲ್ಲಿಯೂ ಕಾಣುವುದಿಲ್ಲ.

ಆದರೆ ಗುಂಡುಸೂಜಿ ಮಾಡಬೇಕಾದ ಕೆಲಸವೆಲ್ಲವೂ ಅಲ್ಲಿ ನಡೆದಿದೆ. ಹತ್ತಿಯ ಅಸ್ತರು ರೇಷ್ಮೆಯನ್ನು ಕಚ್ಚಿ ಹಿಡಿಯುತ್ತದೆ; ಕಾಗದದಂತೆ ಜಾರುವುದಿಲ್ಲ. ಮೇಜು ಸೊಂಟದ ಎತ್ತರಕ್ಕಿದೆ. ಕತ್ತರಿಯ ಕೆಳಗಿನ ಅಲಗು ಮೇಜನ್ನು ಬಿಟ್ಟು ಏಳುವುದಿಲ್ಲವಾದ್ದರಿಂದ ಬಟ್ಟೆ ಮೇಲಕ್ಕೆದ್ದು ಸರಿಯುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ ಆ ಎಡಗೈ, ಎಷ್ಟೋ ವರುಷಗಳಿಂದ ದಿನಂಪ್ರತಿ ಇದೇ ಕೆಲಸ ಮಾಡಿದ ಕೈ. ಮಾಸ್ಟರರ ಗುಂಡುಸೂಜಿ ಅವರ ಅಂಗೈಯಲ್ಲಿಯೇ ಇದೆ. ಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು, ನುಣುಪಾದ ಕಾಗದವನ್ನು ನುಣುಪಾದ ರೇಷ್ಮೆಯ ಮೇಲಿಟ್ಟು, ತಿಂಗಳಿಗೊಮ್ಮೆ ಕತ್ತರಿ ಹಿಡಿಯುವವರು ಅವರನ್ನು ನೋಡಿ “ಗುಂಡುಸೂಜಿ ಬೇಡ” ಎಂಬುದನ್ನು ಮಾತ್ರ ಕಲಿತರೆ ನಷ್ಟ ಯಾರದು?

ಹೀಗೆ ನಮ್ಮ ಮನೆಗಳಲ್ಲಿ ಎರಡು ಬೇರೆ ಬೇರೆ ವಿದ್ಯೆಗಳು ಬೆರೆತುಹೋಗಿವೆ. ಇದರ ಮೂಲವನ್ನು ಸ್ವಲ್ಪ ನೋಡಬೇಕು. 1809ರಲ್ಲಿ ಇಂಗ್ಲಿಷರ ಸೈನ್ಯವು ಹಲಸೂರಿನ ಬಳಿ ನೆಲೆಯೂರಿದ ಮೇಲೆ ಬೆಳೆದದ್ದು ನಮ್ಮ ಜನ ದಂಡು ಎಂದು ಕರೆಯುತ್ತ ಬಂದ ಕಂಟೋನ್ಮೆಂಟು. 1881ರಲ್ಲಿ ಮೈಸೂರು ಸಂಸ್ಥಾನವು ಮಹಾರಾಜರಿಗೆ ಮರಳಿದಾಗಲೂ ಈ ಭಾಗ ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಸೇರಿತು. ಸೈನ್ಯವಿದ್ದಲ್ಲಿ ಸಮವಸ್ತ್ರ, ಸಮವಸ್ತ್ರವಿದ್ದಲ್ಲಿ ದರ್ಜಿ. ಆಗ ಬ್ಲ್ಯಾಕ್‌ಪಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಶಿವಾಜಿನಗರದ ಸುತ್ತ ಹೊಲಿಗೆಯ ಕಸುಬು ಬೇರೂರಿದ್ದು ಹೀಗೆ. ಅಂದಿನ ಬಂಗಲೆಗಳಲ್ಲಿ ದರ್ಜಿಯು ಜಗಲಿಯ ಮೇಲೆ ಚಾಪೆ ಹಾಸಿ ಕುಳಿತು, ಬಟ್ಟೆಯ ತುದಿಯನ್ನು ಕಾಲ್ಬೆರಳುಗಳಲ್ಲಿ ಬಿಗಿಹಿಡಿದು, ಮುಂದಿಟ್ಟ ಹಳೆಯ ಉಡುಪನ್ನು ನೋಡಿ ಹೊಸದನ್ನು ಹೊಲಿಯುತ್ತಿದ್ದನು. ಕಣ್ಣಳತೆ, ಕೈಹಿಡಿತ, ಸೀಮೆಸುಣ್ಣಗಳ ವಿದ್ಯೆ ಅದು.

ಕಾಗದದ ವಿದ್ಯೆ ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಎಬೆನೀಜರ್ ಬಟರಿಕ್ ಎಂಬ ದರ್ಜಿಯು 1863ರಲ್ಲಿ, ಬೇರೆ ಬೇರೆ ಮೈಯಳತೆಗಳಿಗೆ ಹೊಂದುವಂತೆ ಕತ್ತರಿಸಿ ಮಡಿಸಿದ ಕಾಗದದ ನಮೂನೆಗಳನ್ನು ಮಾರತೊಡಗಿದನು. ದರ್ಜಿಯಲ್ಲದ ಗೃಹಿಣಿಯೂ ಅಳತೆ ತಪ್ಪದೆ ಉಡುಪು ಕತ್ತರಿಸಬಹುದೆಂಬ ಧೈರ್ಯವನ್ನು ಕೊಟ್ಟದ್ದು ಆ ತೆಳು ಕಾಗದ. ಅದು ತಾನಾಗಿ ನಿಲ್ಲುವಂಥದಲ್ಲ. ಮೊದಲಿನಿಂದಲೂ ಅದರ ಜೊತೆಗಾರನಾಗಿದ್ದದ್ದು ಗುಂಡುಸೂಜಿ. ಇಂದು ಹೊಲಿಗೆ ತರಗತಿಗಳಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ ನಮ್ಮ ಹೆಣ್ಣುಮಕ್ಕಳು ಕಲಿಯುವುದು ಕಂದು ಕಾಗದದ ಮೇಲೆ ಬರೆದು ಕತ್ತರಿಸುವ ಈ ಎರಡನೆಯ ವಿದ್ಯೆಯನ್ನು. ಆದರೆ ಬಟ್ಟೆ ಹಿಡಿಯುವುದು ಮಾತ್ರ ಮೊದಲನೆಯ ವಿದ್ಯೆಯವರಂತೆ, ಬರಿಗೈಯಲ್ಲಿ. ತೊಡಕು ಇರುವುದು ಇಲ್ಲಿ.

ಸೂಜಿಯ ಕೆಲಸವನ್ನು ಸಣ್ಣದೆಂದು ಎಣಿಸುವ ರೂಢಿ ನಮ್ಮ ಪರಂಪರೆಯದಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯವರಿದ್ದರು; ಅವರ ಹೆಸರಿನ ಮುಂದೆ ನಿಂತಿರುವುದು ಊರಲ್ಲ, ಮನೆತನವಲ್ಲ, ಕಾಯಕ. ಅತ್ತ ಪಾಶ್ಚಾತ್ಯರಲ್ಲಿ ಅರ್ಥಶಾಸ್ತ್ರದ ಮೂಲಪುರುಷನೆನಿಸಿದ ಆಡಮ್ ಸ್ಮಿತ್ 1776ರ ತನ್ನ ಗ್ರಂಥವನ್ನು ಆರಂಭಿಸಿದ್ದೇ ಗುಂಡುಸೂಜಿಯ ಕಾರ್ಖಾನೆಯಿಂದ. ತಂತಿ ಎಳೆಯುವವನೊಬ್ಬ, ನೇರ ಮಾಡುವವನೊಬ್ಬ, ತುಂಡರಿಸುವವನೊಬ್ಬ, ಮೊನೆ ಮಾಡುವವನೊಬ್ಬ, ತಲೆ ಕೂಡಿಸುವವನೊಬ್ಬ, ಹೀಗೆ ಸುಮಾರು 18 ಬಗೆಯ ಕೆಲಸಗಳನ್ನು ಹಂಚಿಕೊಂಡ 10 ಜನರು ದಿನಕ್ಕೆ 48,000 ಗುಂಡುಸೂಜಿಗಳನ್ನು ಮಾಡುತ್ತಿದ್ದರೆಂದು ಆತ ಬರೆದನು. ಒಬ್ಬನೇ ಎಲ್ಲವನ್ನೂ ಮಾಡಹೊರಟರೆ ದಿನಕ್ಕೆ 20 ಆಗುವುದೂ ಕಷ್ಟವೆಂದನು. ಮುಂದೆ 19ನೆಯ ಶತಮಾನದಲ್ಲಿ ಆ ಎಲ್ಲ ಕೆಲಸವನ್ನೂ ಒಂದೇ ಯಂತ್ರ ಮಾಡತೊಡಗಿದ ಮೇಲೆ ಗುಂಡುಸೂಜಿಯ ಬೆಲೆ ಇಳಿಯಿತು, ಬೆಲೆಯೊಡನೆ ಮರ್ಯಾದೆಯೂ ಇಳಿಯಿತು.

ಇನ್ನು ಅಂಗಡಿಗೆ ಹೋಗೋಣ. ಮೊದಲ ಎಚ್ಚರಿಕೆ, ಕಾಗದಪತ್ರಗಳಿಗೆ ಚುಚ್ಚುವ ಕಚೇರಿಯ ಗುಂಡುಪಿನ್ನನ್ನು ಬಟ್ಟೆಗೆ ತರಬಾರದು. ಅದು ಗಿಡ್ಡ, ದಪ್ಪ, ಮೊನೆಯು ಒರಟು. ಮಳೆಗಾಲದಲ್ಲಿ ಒಂದು ರಾತ್ರಿ ಬಟ್ಟೆಯಲ್ಲಿ ಉಳಿದರೆ ತುಕ್ಕಿನ ಚುಕ್ಕೆಯನ್ನು ಬಿಡುತ್ತದೆ. ಹೊಲಿಗೆಗೆಂದೇ ಮಾಡಿದ ಗುಂಡುಸೂಜಿ ಉದ್ದವಾಗಿಯೂ ತೆಳುವಾಗಿಯೂ ಇರುತ್ತದೆ. ಸಾಧಾರಣ ಹತ್ತಿಬಟ್ಟೆಗೆ 0.6 ಮಿಲಿಮೀಟರು ದಪ್ಪದ್ದು ಸಾಕು; ರೇಷ್ಮೆಗೆ 0.5 ಅಥವಾ ಅದಕ್ಕೂ ತೆಳುವಾದದ್ದು ಬೇಕು. ತಲೆಯನ್ನೂ ನೋಡಿ ಕೊಳ್ಳಬೇಕು. ಬಣ್ಣಬಣ್ಣದ ಪ್ಲಾಸ್ಟಿಕ್ ತಲೆಯವು ಕಣ್ಣಿಗೆ ಕಾಣುವುದಕ್ಕೆ ಒಳ್ಳೆಯವು, ಆದರೆ ಇಸ್ತ್ರಿ ತಗುಲಿದೊಡನೆ ಕರಗಿ ಬಟ್ಟೆಗೆ ಮೆತ್ತಿಕೊಳ್ಳುತ್ತವೆ. ಗಾಜಿನ ತಲೆಯವಕ್ಕೆ ಆ ಭಯವಿಲ್ಲ. ಬನಿಯನ್ನಿನಂತೆ ಹೆಣೆದ ಬಟ್ಟೆಗೆ ಮೊನೆ ಸ್ವಲ್ಪ ಮೊಂಡಾಗಿರುವ ಗುಂಡುಸೂಜಿ ಪ್ರತ್ಯೇಕವಾಗಿ ದೊರೆಯುತ್ತದೆ. ಅದು ಎಳೆಯನ್ನು ಚುಚ್ಚಿ ಹರಿಯದೆ ಎಳೆಗಳ ನಡುವೆ ನುಸುಳಿಹೋಗುತ್ತದೆ. ಪಟ್ಟೆ, ಚೌಕುಳಿಗಳನ್ನು ಸರಿಗೂಡಿಸುವುದಕ್ಕೆ ಎರಡು ಮೊನೆಗಳ ಕವಲು ಗುಂಡುಸೂಜಿಯೂ ಉಂಟು.

ಇವೆಲ್ಲ ದೊರೆಯುವ ಅಂಗಡಿಗಳು ಕಮರ್ಷಿಯಲ್ ಸ್ಟ್ರೀಟು, ಇಬ್ರಾಹಿಂ ಸಾಹೇಬ್ ಸ್ಟ್ರೀಟುಗಳ ಆಸುಪಾಸಿನಲ್ಲಿ, ಲೇಸು, ಗುಂಡಿ, ದಾರ, ಅಸ್ತರುಗಳ ನಡುವೆ ಇವೆ. 2023ರಲ್ಲಿ ಮೆಟ್ರೋದ ನೇರಳೆ ಮಾರ್ಗವು ಪೂರ್ಣಗೊಂಡ ಮೇಲೆ ಕೆ.ಆರ್. ಪುರದ ಸೋದರಿಯರು ಕೂಡ ಇಂದಿರಾನಗರ, ಹಲಸೂರುಗಳನ್ನು ದಾಟಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿದು ನಡೆದೇ ಹೋಗಬಹುದಾಗಿದೆ. ಹೋಗುವಾಗ ಒಂದು ಚಿಕ್ಕ ಅಯಸ್ಕಾಂತವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿರಿ. ಅದನ್ನು ಕನ್ನಡದಲ್ಲಿ ಸೂಜಿಗಲ್ಲು ಎನ್ನುವುದು ಸುಮ್ಮನೆಯೇ ಅಲ್ಲ. ಹಿತ್ತಾಳೆಯ ಗುಂಡುಸೂಜಿಗೆ ತುಕ್ಕಿನ ಕಾಟವಿಲ್ಲ, ಆದರೆ ಅದು ಸೂಜಿಗಲ್ಲಿಗೆ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಕೆಲವೂ ಅಂಟುವುದಿಲ್ಲ. ಕೂಸು ತೆವಳುವ ಮನೆಯಾದರೆ ಅಂಟುವಂಥದನ್ನೇ ಕೊಳ್ಳಬೇಕೆಂದು ನಾವು ಒತ್ತಿ ಹೇಳುತ್ತೇವೆ. ನೆಲಕ್ಕೆ ಬಿದ್ದದ್ದನ್ನು ಹುಡುಕಿ ಎತ್ತಲು ಬೇರೆ ಉಪಾಯವಿಲ್ಲ.

ಚುಚ್ಚುವ ಕ್ರಮಕ್ಕೆ ಬರೋಣ. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದ ಅಜ್ಜಿಯರ ಕೈಯನ್ನು ಹಿರಿಯ ಓದುಗರು ನೋಡಿರುತ್ತೀರಿ. ಕಡ್ಡಿಯು ಎಲೆಯಲ್ಲಿ ಮುಳುಗಿ ಕೂಡಲೇ ಮೇಲೆದ್ದು ಬರುತ್ತಿತ್ತು; ಎಲೆಯು ಮುದುಡುತ್ತಿರಲಿಲ್ಲ. ಗುಂಡುಸೂಜಿಯೂ ಹಾಗೆಯೇ ಬಟ್ಟೆಯ ಕೆಲವೇ ಎಳೆಗಳನ್ನು ಕಚ್ಚಿ ಮೇಲೇಳಬೇಕು. ಉದ್ದಕ್ಕೂ ನುಗ್ಗಿಸಿದರೆ ಬಟ್ಟೆ ನೆರಿಗೆಗಟ್ಟಿ, ಕತ್ತರಿಸಿದ ತುಂಡು ನಮೂನೆಗಿಂತ ಚಿಕ್ಕದಾಗುತ್ತದೆ.

ಬಟ್ಟೆಯನ್ನೂ ಕಾಗದವನ್ನೂ ಮೊದಲು ಇಸ್ತ್ರಿ ಮಾಡಿಕೊಳ್ಳಬೇಕು. ಸುಕ್ಕಿದ ಕಾಗದದ ಅಳತೆ ಅಳತೆಯಲ್ಲ. ಅನಂತರ ಹಾಸು ಹೊಕ್ಕುಗಳನ್ನು ಗುರುತಿಸಬೇಕು. ಬಟ್ಟೆಯ ಗಟ್ಟಿಯಾದ ಅಂಚಿಗೆ ಸಮನಾಗಿ ಓಡುವ ಎಳೆ ಹಾಸು. ನಮೂನೆಯ ಮೇಲೆ ಎಳೆದ ಬಾಣದ ಗೆರೆಯ ಎರಡೂ ತುದಿಗಳು ಆ ಅಂಚಿನಿಂದ ಒಂದೇ ದೂರದಲ್ಲಿವೆಯೇ ಎಂದು ಟೇಪು ಹಿಡಿದು ನೋಡಿ, ಮೊದಲ ಎರಡು ಗುಂಡುಸೂಜಿಗಳನ್ನು ಆ ಗೆರೆಯ ಎರಡು ತುದಿಗಳಿಗೇ ಚುಚ್ಚಬೇಕು. ಬಹಳ ಮಂದಿ ಸುತ್ತಲಿನ ಅಂಚಿನಿಂದ ಆರಂಭಿಸಿ ನಡುಭಾಗಕ್ಕೆ ಬರುತ್ತಾರೆ. ಅಷ್ಟರಲ್ಲಿ ನಮೂನೆ ಓರೆಯಾಗಿರುತ್ತದೆ, ಓರೆಯಾದದ್ದು ತಿಳಿಯುವುದು ಮೂರು ಸಲ ಒಗೆದ ಮೇಲೆ, ರವಿಕೆಯ ಪಕ್ಕದ ಹೊಲಿಗೆಯು ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದಾಗ. ಗೆರೆ ನಿಂತ ಮೇಲೆ ಕಾಗದವನ್ನು ಅಂಗೈಯಿಂದ ಹೊರಕ್ಕೆ ಸವರುತ್ತ ಮೂಲೆಗಳಿಗೆ ಓರೆಯಾಗಿ ಒಂದೊಂದು. ನೇರವಾದ ಅಂಚಿನಲ್ಲಿ 3 ರಿಂದ 4 ಅಂಗುಲಕ್ಕೊಂದು. ಕೊರಳು, ಕಂಕುಳಿನ ಬಾಗಿನಲ್ಲಿ 2 ಅಂಗುಲಕ್ಕೊಂದು. ಇದಕ್ಕಿಂತ ಹೆಚ್ಚು ಚುಚ್ಚಿದರೆ ಹಿಡಿತ ಹೆಚ್ಚುವುದಿಲ್ಲ, ಸುಕ್ಕು ಹೆಚ್ಚುತ್ತದೆ. ಕತ್ತರಿಸುವಾಗ ಬಟ್ಟೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಾರದು. ನಾವೇ ಎದ್ದು ಮೇಜಿನ ಸುತ್ತ ಹೋಗಬೇಕು.

ಈ ಕ್ರಮವನ್ನು ಕಲಿಯುವುದಕ್ಕೆ ಹೊಸ ಬಟ್ಟೆ ಕೊಳ್ಳಬೇಕಾಗಿಲ್ಲ. ಉಡಿ ತುಂಬಿಸಿಕೊಂಡು ಬಂದ ರವಿಕೆ ಕಣಗಳು ಪ್ರತಿಯೊಂದು ಮನೆಯ ಪೆಟ್ಟಿಗೆಯಲ್ಲಿಯೂ ಇದ್ದೇ ಇರುತ್ತವೆ. ಒಂದು ಮನೆಯಿಂದ ಇನ್ನೊಂದಕ್ಕೆ ಸುಮ್ಮನೆ ತಿರುಗುತ್ತಿರುವ ಆ ಕಣಗಳಲ್ಲಿ ನಾಲ್ಕಾರನ್ನು ಮಗಳ ಕೈಗೆ ಕತ್ತರಿಯೊಡನೆ ಕೊಟ್ಟರೆ ಅವಕ್ಕೂ ಒಂದು ಗತಿ ದೊರೆತಂತಾಗುತ್ತದೆ.

ರೇಷ್ಮೆಯ ಮಾತು ಬೇರೆ. ಹತ್ತಿಯಲ್ಲಿ ಬಿದ್ದ ರಂಧ್ರವು ಒಮ್ಮೆ ನೀರು ಕಂಡರೆ ಮುಚ್ಚಿಕೊಳ್ಳುತ್ತದೆ. ಬಿಗಿ ನೇಯ್ಗೆಯ ರೇಷ್ಮೆಯಲ್ಲಿ ಉಳಿದುಬಿಡುತ್ತದೆ. ಮೊದಲು ಬಟ್ಟೆಯ ತುದಿಯಲ್ಲಿ, ಕತ್ತರಿಸಿ ಬಿಸಾಡುವ ಜಾಗದಲ್ಲಿ, ಒಂದು ಗುಂಡುಸೂಜಿ ಚುಚ್ಚಿ ತೆಗೆದು, ಉಗುರಿನಿಂದ ಮೆಲ್ಲಗೆ ಸವರಿ, ಬೆಳಕಿಗೆ ಹಿಡಿದು ನೋಡಬೇಕು. ಚುಕ್ಕೆ ಕಂಡರೆ ಗುಂಡುಸೂಜಿಗಳೆಲ್ಲವೂ ಹೊಲಿಗೆಗೆಂದು ಬಿಟ್ಟ ಅಂಚಿನೊಳಗೇ, ಅಂಚಿಗೆ ಸಮಾನಾಂತರವಾಗಿ ಇರಬೇಕು. ಹೊಲಿದ ಮೇಲೆ ಆ ಭಾಗ ಒಳಕ್ಕೆ ಹೋಗುವುದರಿಂದ ರಂಧ್ರ ಯಾರಿಗೂ ಕಾಣದು. ಜರಿಯ ಮೇಲಂತೂ ಚುಚ್ಚಲೇಕೂಡದು. ಜರಿಯ ಎಳೆ ಒಮ್ಮೆ ಮೇಲೆದ್ದರೆ ಮತ್ತೆ ಮಲಗುವುದಿಲ್ಲ. ಗುಳೇದಗುಡ್ಡದ ಖಣದಂತೆ ಚಿಕ್ಕ ಚಿಕ್ಕ ಚಿತ್ತಾರಗಳು ಒತ್ತಾಗಿ ತುಂಬಿದ ಬಟ್ಟೆಯಲ್ಲಿ ಗುಂಡುಸೂಜಿಯ ಗುರುತು ತಕ್ಕಮಟ್ಟಿಗೆ ಮರೆಯಾಗುತ್ತದೆ. ಬರಿಯ ಬಣ್ಣದ ನುಣುಪು ರೇಷ್ಮೆಯಲ್ಲಿ ಮರೆಯಾಗುವುದಿಲ್ಲ.

ಆದ್ದರಿಂದ ಜರಿಯ ರೇಷ್ಮೆಗೆ ನಮ್ಮ ಸಲಹೆ ಭಾರ. ಶಿವಾಜಿನಗರದ ಮಾಸ್ಟರರು ಇಸ್ತ್ರಿಪೆಟ್ಟಿಗೆಯನ್ನು ಮೂಲೆಗಿಡುತ್ತಾರೆಂದು ಮೇಲೆ ಹೇಳಿದೆವಲ್ಲ, ಅದೇ ಉಪಾಯವನ್ನು ಮನೆಗೆ ತಕ್ಕಂತೆ ಮಾಡಿಕೊಳ್ಳಬಹುದು. ವಿದೇಶಗಳಿಂದ ಬರುವ ನಮೂನೆ ಭಾರಗಳು ದುಬಾರಿ. ಅವು ಮಾಡುವುದನ್ನೆಲ್ಲ ಕಬ್ಬಿಣದ ದೊಡ್ಡ ವಾಷರುಗಳು ಮಾಡುತ್ತವೆ. ಹಳೆಯ ವಾಹನಗಳ ಬಿಡಿಭಾಗಗಳನ್ನು ರಾಶಿ ಹಾಕಿ ಮಾರುವ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅವಕ್ಕೆ ಬರವಿಲ್ಲ. ಜಿಡ್ಡು ತೊಳೆದು, ಒಣಗಿಸಿ, ಎರಡು ಮೂರನ್ನು ಒಂದರ ಮೇಲೊಂದಿಟ್ಟು ಹಳೆಯ ಬಟ್ಟೆಯ ಚೂರನ್ನು ಬಿಗಿಯಾಗಿ ಸುತ್ತಿ ಹೊಲಿದರೆ ಭಾರ ಸಿದ್ಧ. ಇಂಥ ಹನ್ನೆರಡು ಇದ್ದರೆ ಒಂದು ರವಿಕೆಗೆ ಸಾಕು. ಮರಳು ತುಂಬಿದ ಚಿಕ್ಕ ಚೀಲಗಳೂ ಆಗಬಹುದು, ಆದರೆ ಹೊಲಿಗೆ ಬಿಟ್ಟು ಮರಳು ರೇಷ್ಮೆಯ ಮೇಲೆ ಸುರಿದರೆ ಮೊದಲಿಗಿಂತಲೂ ಹೆಚ್ಚಿನ ಅನರ್ಥ. ಭಾರವಿಟ್ಟು ಸೀಮೆಸುಣ್ಣದಿಂದ ಸುತ್ತಲೂ ಗೆರೆ ಎಳೆದುಕೊಂಡು, ಕಾಗದವನ್ನು ತೆಗೆದ ಮೇಲೆ ಗೆರೆಯನ್ನು ನೋಡಿ ಕತ್ತರಿಸುವುದು ಕಲಿಯುವವರಿಗೆ ಕ್ಷೇಮ. ಮೇಜು ಮಾತ್ರ ಸಮತಟ್ಟಾಗಿರಬೇಕು. ಹಾಸಿಗೆಯ ಮೇಲೆ ಭಾರ ಕೆಲಸ ಮಾಡುವುದಿಲ್ಲ.

ಜಾರ್ಜೆಟ್, ಷಿಫಾನ್ ಬಟ್ಟೆಗಳು ಗುಂಡುಸೂಜಿಗೂ ಬಗ್ಗವು, ಭಾರಕ್ಕೂ ಬಗ್ಗವು. ಒಗೆಯಬಹುದಾದ ಬಗೆಯಾದರೆ ತಿಳಿ ಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿದಾಗ ಅವು ಕಾಗದದಂತೆ ಗರಿಗರಿಯಾಗಿ ಮಾತು ಕೇಳುತ್ತವೆ. ಇಲ್ಲವೇ ಬಟ್ಟೆಯ ಕೆಳಗೊಂದು ತೆಳು ಕಾಗದ ಹಾಸಿ, ಮೇಲಿನ ನಮೂನೆ, ಬಟ್ಟೆ, ಕೆಳಗಿನ ಕಾಗದ ಮೂರನ್ನೂ ಸೇರಿಸಿ ಚುಚ್ಚಿ ಒಟ್ಟಿಗೆ ಕತ್ತರಿಸಬಹುದು. ವೃತ್ತಪತ್ರಿಕೆಯನ್ನು ಹಾಸಬೇಡಿರಿ, ಮಸಿ ಹತ್ತುತ್ತದೆ. ಈಚಿನ ವರುಷಗಳಲ್ಲಿ ಬಂದಿರುವ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ಪುಗಳ ಬಗ್ಗೆ ಹೆಚ್ಚು ಬರೆಯಬೇಕಾದದ್ದಿಲ್ಲ. ಶಾಲೆಯ ಚೀಲದ ರೆಕ್ಸಿನ್, ಮಳೆಯಂಗಿಯ ಬಟ್ಟೆ, ಅಂದರೆ ರಂಧ್ರ ಬಿದ್ದರೆ ಕೆಡುವಂಥವಕ್ಕೆ ಅವು ಉಪಯುಕ್ತ. ಆದರೆ ಅಂಚನ್ನಷ್ಟೇ ಹಿಡಿಯಬಲ್ಲವು, ನಮೂನೆಯ ನಡುಭಾಗಕ್ಕೆ ಅವುಗಳ ಕೈ ತಲುಪದು.

ಇನ್ನು ನಾವು ಈ ಬರಹವನ್ನು ಎತ್ತಿಕೊಳ್ಳಲು ಮುಖ್ಯ ಕಾರಣವಾದ ವಿಷಯ. ಹೊಲಿಯುವಾಗಲೂ, ಸೀರೆಯ ನೆರಿಗೆಗೆ ಪಿನ್ನು ಹಾಕುವಾಗಲೂ ಗುಂಡುಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಹೆಂಗಳೆಯರಿಗಿದೆ. ಎರಡೂ ಕೈಗಳು ತೊಡಗಿದ್ದಾಗ ಬಾಯಿಯೇ ಮೂರನೆಯ ಕೈಯಾಗುತ್ತದೆ. ಆ ಗಳಿಗೆಯಲ್ಲಿ ಯಾರೋ ಕರೆದರೆ ಓಗೊಡುತ್ತೇವೆ, ನಗು ಬಂದರೆ ನಗುತ್ತೇವೆ, ಕೆಮ್ಮು ಬಂದರೆ ಮೊದಲು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತೇವೆ. ಹೀಗೆ ಗುಂಡುಸೂಜಿಯು ಶ್ವಾಸನಾಳಕ್ಕೆ ಇಳಿದ ಪ್ರಸಂಗಗಳು ಅನೇಕ ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ತಲೆವಸ್ತ್ರಕ್ಕೆ ಪಿನ್ನು ಹಾಕಿಕೊಳ್ಳುವ ಎಳೆಯ ಹುಡುಗಿಯರಲ್ಲಿ ಇದು ವಿಶೇಷವಾಗಿ ಕಂಡುಬಂದಿದೆ. ದುರ್ಬೀನನ್ನು ಗಂಟಲಿನ ಮೂಲಕ ಇಳಿಸಿ ಅದನ್ನು ತೆಗೆಯಬೇಕಾಗುತ್ತದೆ. ತಾಯಿ ಬಾಯಲ್ಲಿ ಇಟ್ಟುಕೊಂಡದ್ದನ್ನು ಮಗುವೂ ಬಾಯಲ್ಲಿ ಇಡುತ್ತದೆಂಬುದನ್ನು ಬೇರೆ ಹೇಳಬೇಕೆ?

ಮಗು ಗುಂಡುಸೂಜಿ ನುಂಗಿತೆಂಬ ಸಂಶಯ ಬಂದರೂ ಸಾಕು, ತಡಮಾಡದೆ ಕ್ಷ-ಕಿರಣದ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಬಾಳೆಹಣ್ಣು ತಿನ್ನಿಸಿದರೆ ಸುತ್ತಿಕೊಂಡು ಹೋಗುತ್ತದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಹೊರಬರುತ್ತದೆ ಎಂಬ ಮನೆಮಾತುಗಳನ್ನು ಕೇಳಕೂಡದು. ವಾಂತಿಯಲ್ಲಿ ಮೇಲೇರುವ ಮೊನೆಯು ಅನ್ನನಾಳವನ್ನು ಗಾಯಗೊಳಿಸಬಲ್ಲದು. ಹೊಟ್ಟೆ ತುಂಬಿದ್ದರೆ ವೈದ್ಯರು ಅರಿವಳಿಕೆ ಕೊಟ್ಟು ತೆಗೆಯುವುದಕ್ಕೂ ಅಡ್ಡಿ. ವೈದ್ಯರು ನೋಡುವವರೆಗೆ ನೀರನ್ನೂ ಕೊಡದಿರುವುದು ಲೇಸು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿ ಅನಂತರ ಸುಮ್ಮನಾದರೂ ಹತ್ತಿರದಲ್ಲಿ ಗುಂಡುಸೂಜಿಯ ಡಬ್ಬಿ ತೆರೆದಿದ್ದರೆ ನಿರ್ಲಕ್ಷಿಸಬಾರದು.

ಈ ವಿಷಯದಲ್ಲಿ ನಮ್ಮ ಮನೆಗಳು ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಕಲಿಯತಕ್ಕದ್ದು ಬಹಳವಿದೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅಲ್ಲಿ ಬಟ್ಟೆಯನ್ನು ಹತ್ತಾರು ಪದರಗಳಲ್ಲಿ ಹಾಸಿ, ಎಲ್ಲಕ್ಕೂ ಮೇಲೆ ನಮೂನೆಗಳ ಗೆರೆಯಿರುವ ಕಾಗದವನ್ನು ಹರಡಿ, ಹಿಡಿಕೆ ಮತ್ತು ಭಾರಗಳಿಂದ ಬಿಗಿದು, ವಿದ್ಯುತ್ ಕತ್ತಿಯಿಂದ ಒಮ್ಮೆಗೇ ಕತ್ತರಿಸುತ್ತಾರೆ. ಚೌಕುಳಿ ಬಟ್ಟೆಯಾದರೆ ಮೇಜಿನಿಂದ ಮೇಲಕ್ಕೆ ನಿಂತ ಉದ್ದನೆಯ ಸೂಜಿಗಳಿಗೆ ಪದರಪದರವಾಗಿ ಸಿಕ್ಕಿಸಿ ಗೆರೆಗಳನ್ನು ಕೂಡಿಸುವ ಕ್ರಮವೂ ಉಂಟು. ಆದರೆ ಹೊಲಿಗೆಯ ಸಾಲಿನಲ್ಲಿ ಬಿಡಿ ಗುಂಡುಸೂಜಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಯಂತ್ರದ ಸೂಜಿ ಮುರಿದರೆ ಅದರ ಎಲ್ಲ ತುಂಡುಗಳನ್ನೂ ಹುಡುಕಿ, ಪುಸ್ತಕದಲ್ಲಿ ಅಂಟಿಸಿ ತೋರಿಸಿದ ಮೇಲೆಯೇ ಹೊಸ ಸೂಜಿ ಕೊಡುತ್ತಾರೆ. ಸಿದ್ಧವಾದ ಮಕ್ಕಳ ಉಡುಪುಗಳು ಲೋಹಶೋಧಕ ಯಂತ್ರವನ್ನು ದಾಟಿಯೇ ಪೆಟ್ಟಿಗೆ ಸೇರುತ್ತವೆ. 1995ರಲ್ಲಿ ಜಪಾನಿನಲ್ಲಿ ಉತ್ಪನ್ನದ ದೋಷಕ್ಕೆ ತಯಾರಕರನ್ನೇ ಹೊಣೆ ಮಾಡುವ ಕಾನೂನು ಜಾರಿಗೆ ಬಂದ ಮೇಲೆ ಅಲ್ಲಿನ ಕೊಳ್ಳುವವರು ಈ ತಪಾಸಣೆಯಲ್ಲಿ ಬಹಳ ಕಟ್ಟುನಿಟ್ಟಾದರು. ದೂರದೇಶದ ಯಾವುದೋ ಮಗುವಿಗೆ ಚುಚ್ಚಬಾರದೆಂದು ಹಗಲೆಲ್ಲ ಇಷ್ಟು ಎಚ್ಚರಿಕೆ ವಹಿಸುವ ತಾಯಿಯು ಸಂಜೆ ಮನೆಗೆ ಬಂದು ತನ್ನ ಮಗುವಿನ ಲಂಗವನ್ನು ಹೊಲಿಯುವಾಗಲೂ ಅದೇ ಲೆಕ್ಕವನ್ನು ಇಡಬಹುದಲ್ಲವೆ?

ಲೆಕ್ಕವೆಂದರೆ ದೊಡ್ಡದೇನೂ ಅಲ್ಲ. ಡಬ್ಬಿಯಲ್ಲಿ 20 ಗುಂಡುಸೂಜಿ ಇರಿಸಿ, ಡಬ್ಬಿಯ ಮುಚ್ಚಳದ ಮೇಲೆ 20 ಎಂದು ಬರೆಯಿರಿ. ಕೆಲಸ ಮುಗಿದಾಗ ಎಣಿಸಿರಿ. ಒಂದು ಕಡಿಮೆಯಾದರೆ ಸಿಗುವವರೆಗೆ ಹೊಲಿದ ಬಟ್ಟೆಯನ್ನು ಮಗುವಿಗೆ ತೊಡಿಸಬಾರದು, ಕೋಣೆಗೆ ಬಿಡಲೂ ಬಾರದು. ಬಾಯಿಗೆ ಬದಲಾಗಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸೂಜಿದಿಂಬನ್ನು ಒಂದು ಸಂಜೆಯಲ್ಲಿ ಮಾಡಿಕೊಳ್ಳಬಹುದು. ಮೊನೆ ಮಣಿಕಟ್ಟಿಗೆ ತಾಗದಂತೆ ತಳಕ್ಕೆ ಗಟ್ಟಿ ರಟ್ಟನ್ನೋ ಪ್ಲಾಸ್ಟಿಕ್ ಮುಚ್ಚಳವನ್ನೋ ಇಟ್ಟು, ಒಳಗೆ ಹಳೆಯ ಕಂಬಳಿಯ ಚೂರುಗಳನ್ನು ಒತ್ತಿ ತುಂಬಬೇಕು. ಹತ್ತಿಗಿಂತ ಉಣ್ಣೆ ಮೇಲು. ಕುರಿಯ ಉಣ್ಣೆಯಲ್ಲಿ ಸಹಜವಾಗಿಯೇ ಇರುವ ಜಿಡ್ಡಿನ ಅಂಶವು ಗುಂಡುಸೂಜಿಯನ್ನು ತುಕ್ಕಿನಿಂದ ಕಾಯುತ್ತದೆ. ಮನೆಯಲ್ಲಿ ಕೆಟ್ಟುಹೋದ ರೇಡಿಯೋ ಇದ್ದರೆ ಅದರ ಧ್ವನಿಪೆಟ್ಟಿಗೆಯೊಳಗಿನ ಸೂಜಿಗಲ್ಲನ್ನು ತೆಗೆದಿಟ್ಟುಕೊಳ್ಳಿರಿ. ಹಳೆಯ ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆ ಒಮ್ಮೆ ಆಡಿಸಿದರೆ ಕಣ್ಣಿಗೆ ಬೀಳದ ಗುಂಡುಸೂಜಿಯೂ ಅಂಟಿಕೊಂಡು ಬರುತ್ತದೆ.

ಯಂತ್ರದ ವಿಷಯವಾಗಿ ಒಂದು ಮಾತು ಉಳಿದಿದೆ. ಗುಂಡುಸೂಜಿಯ ಮೇಲೆಯೇ ಹೊಲಿದುಕೊಂಡು ಹೋಗುವುದನ್ನು ಕೆಲವರು ಜಾಣತನವೆಂದು ತೋರಿಸುತ್ತಾರೆ. ಯಂತ್ರದ ಸೂಜಿಯು ಗುಂಡುಸೂಜಿಗೆ ಬಡಿದರೆ ಮುರಿದ ಚೂರು ಹಾರುವುದು ಮುಖದ ಕಡೆಗೆ. ಒತ್ತುಪಾದದ ಹತ್ತಿರಕ್ಕೆ ಬಂದೊಡನೆ ಒಂದೊಂದನ್ನೇ ತೆಗೆದು ದಿಂಬಿಗೆ ಚುಚ್ಚುತ್ತ ಹೋಗಬೇಕು. ತೋಳು ಕೂಡಿಸುವಂಥ ಕಷ್ಟದ ಜಾಗದಲ್ಲಿ ಗುಂಡುಸೂಜಿಯ ಬದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು ಇನ್ನೂ ಉತ್ತಮ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಬಾಗಿದ, ಮೊಂಡಾದ ಗುಂಡುಸೂಜಿಗಳನ್ನು ಕಸದ ಬುಟ್ಟಿಗೆ ಎಸೆಯದೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೂಡಿಹಾಕಿ, ತುಂಬಿದ ಮೇಲೆ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಒಳಗೆ ಏನಿದೆಯೆಂದು ಮೇಲೆ ಬರೆದು ಒಣಕಸದವರ ಕೈಗೆ ಪ್ರತ್ಯೇಕವಾಗಿ ಕೊಡಿರಿ. ಕಸವನ್ನು ಬರಿಗೈಯಿಂದ ಬೇರ್ಪಡಿಸುವವರು ಅವರು.

ಅಸ್ತರಿನ ಬಟ್ಟೆಯನ್ನು ಕತ್ತರಿಸುವ ಮೊದಲು ಏಕೆ ನೀರಿಗೆ ಹಾಕಬೇಕು, ಎಷ್ಟು ಹೊತ್ತು ಹಾಕಬೇಕು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.